ಭಾವನ ಭೂಪಟದ ಚಾಪೆ

“ನೋಡ್ತಾ ಇರು ನೀಲಾ! ಈ ಚಾಪೆ ಮೇಲೆ ಏನ್ ಬರೀತೀವೋ, ಊರಲ್ಲೂ ಹಾಗೇ ಆಗುತ್ತೆ! ಮಕ್ಕಳು ಆಡ್ತಾ ಆಡ್ತಾ ಭೂಗೋಳ ಕಲೀತಾವೆ!”

ನನ್ನ ಭಾವ ಚನ್ನವೀರಪ್ಪ ನಮ್ಮ ಶಿಶುವಿಹಾರದ ನಡುವೆ ತಮ್ಮ ಹೊಸ ಯಂತ್ರ ಹಾಸಿದರು. ಚಾಪೆಯ ತುಂಬ ನಮ್ಮ ಬೀದಿಯ ಭೂಪಟ, ಅಂಚಿನಲ್ಲಿ ನಾಲ್ಕು ದಿಕ್ಕುಗಳ ಹೆಸರು, ಮೂಲೆಯಲ್ಲೊಂದು ಗುಂಯ್‌ಗುಡುವ ಡಬ್ಬಿ.

ಶಿಕ್ಷಣ ಇಲಾಖೆಯ ಸಾಹೇಬರು ಇನ್ನೇನು ತಪಾಸಣೆಗೆ ಬರುವವರಿದ್ದರು. ಮಕ್ಕಳಿಗೆ ದಿಕ್ಕು ಗೊತ್ತಿಲ್ಲದಿದ್ದರೆ ಶಿಶುವಿಹಾರಕ್ಕೆ ಬೀಗ. ನಮ್ಮ ಮಕ್ಕಳು ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ಕೇಳಿದರೆ ಬಾಗಿಲು ತೋರಿಸುತ್ತಿದ್ದವು. ಬಾಗಿಲು ಇದ್ದದ್ದು ದಕ್ಷಿಣಕ್ಕೆ!

ಭಾವ ಸೀಮೆಸುಣ್ಣ ಕೊಟ್ಟದ್ದೇ ತಡ, ಪುಟಾಣಿ ಸಿಂಚನಾ ನಮ್ಮ ಬಾಗಿಲ ಪಕ್ಕ ಮಂಡಕ್ಕಿ ಅಂಗಡಿ ಬರೆದಳು. ದಡಾರ್! ಬಸ್ ನಿಲ್ದಾಣದಲ್ಲಿದ್ದ ಅಂಗಡಿ ಹೊರಗೆ ಬಂದು ಕೂತಿತು.

“ಯಾರ್ರೀ ನನ್ನ ಎಳ್ಕೊಂಡ್ ಬಂದಿದ್ದು? ಎಣ್ಣೆ ಕಾದೈತೆ!” ಎಂದು ಅಂಗಡಿಯ ರುದ್ರಣ್ಣ ಕೂಗಿದ.

ಅಷ್ಟರಲ್ಲಿ ಇನ್ನೊಬ್ಬ ಪೋರ ಸೂಜಿ ಚುಚ್ಚುವ ಆಸ್ಪತ್ರೆಯನ್ನು ಅಂಗೈಯಿಂದ ಒರೆಸಿಯೇಬಿಟ್ಟ. ಬಯಲಲ್ಲಿ ಡಾಕ್ಟರು ಮಾತ್ರ ಕುರ್ಚಿಯ ಮೇಲೆ ಉಳಿದರು.

“ಭಾವ, ನಿಲ್ಸಿ ಇದನ್ನ! ಸಾಹೇಬ್ರು ಬಂದ್ರೆ ನನ್ನ ಗತಿ?”

“ಆಗೋ ಅನಾಹುತಕ್ಕೆಲ್ಲ ಈ ದಕ್ಷಿಣದ ಬಾಗಿಲೇ ಕಾರಣ,” ಎನ್ನುತ್ತಾ ನಮ್ಮಕ್ಕ ಸರ್ವಮಂಗಳ ಒಳಗೆ ಬಂದಳು. “ವಾಸ್ತು ನೋಡಿ ಬಾಡಿಗೆಗೆ ಹಿಡಿ ಅಂತ ಬಡ್ಕೊಂಡೆ. ಕೇಳಿದ್ಯಾ?”

“ಮುಟ್ಬೇಡ ಕಣೇ!” ಎಂದು ಭಾವ ಕಿರುಚುವಷ್ಟರಲ್ಲಿ ಅಕ್ಕ ಬಾಗಿಲ ಕಡೆಯ ‘ದಕ್ಷಿಣ’ವನ್ನು ಸೆರಗಿನಿಂದ ಒರೆಸಿ, ಅಲ್ಲೇ ದುಂಡಗೆ ‘ಪೂರ್ವ’ ಎಂದು ಬರೆದಳು.

ಡಬ್ಬಿ ಗುಂಯ್ ಎಂದಿತು. ಆಕಾಶದಲ್ಲಿ ಸೂರ್ಯ ಒಂದು ಗಳಿಗೆ ತಡವರಿಸಿ, ನೀರಿನ ಟ್ಯಾಂಕಿನ ಹಿಂದಿನಿಂದ ಸರಸರನೆ ಸರಿದು ನಮ್ಮ ಬಾಗಿಲ ಎದುರಿಗೆ ಬಂದು ನಿಂತ! ಆ ಬಿಸಿಲಿನ ಜೊತೆಗೇ ಸಾಹೇಬರೂ ಒಳಗೆ ಬಂದರು.

“ಸೂರ್ಯ ಎಲ್ಲಿ ಹುಟ್ತಾನೆ ಮಕ್ಕಳೇ?”

ಎಲ್ಲರೂ ಬಾಗಿಲು ತೋರಿಸಿದರು. ಸಾಹೇಬರು ತಿರುಗಿ ನೋಡಿದರು, ಕಣ್ಣು ಕುಕ್ಕಿತು. “ಭೇಷ್!” ಎಂದು ಸಹಿ ಹಾಕಿಯೇಬಿಟ್ಟರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಊರಲ್ಲಿ ವಾಸ್ತು ನೋಡಿ ಪೂರ್ವಕ್ಕೆ ಬಾಗಿಲಿಟ್ಟವರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರಾಗಿ ನುಗ್ಗಿ ಬಂದು, ಚಾಪೆಯ ಮೇಲೆ ತಮ್ಮ ತಮ್ಮ ಬಾಗಿಲ ಮುಂದೆ ಪೂರ್ವ ಬರೆಯುತ್ತಲೇ ಇದ್ದಾರೆ. ಸೂರ್ಯ ಪಾಪ, ಮನೆಯಿಂದ ಮನೆಗೆ ಹುಟ್ಟಿ ಹುಟ್ಟಿ ಸುಸ್ತಾಗಿದ್ದಾನೆ.

ಶಿಶುವಿಹಾರವೇನೋ ಉಳಿಯಿತು. ಮಕ್ಕಳನ್ನು ಮನೆಗೆ ಬಿಡಲು ಸಂಜೆಯೇ ಆಗುತ್ತಿಲ್ಲ, ಅಷ್ಟೇ.