ಕಂಪ್ಯೂಟರ್ ಕಲ್ಪಿಸಿದ ರಂಗೋಲಿ

ಮೂರು ವರ್ಷ ಎಡಬಿಡದೆ ಎರಡನೇ ಬಹುಮಾನ ಪಡೆದವಳ ಸಂಕಟ ಯಾರಿಗೂ ಬೇಡ. ಮಲ್ಲಾಪುರದ ನಮ್ಮ ಮಹಿಳಾ ಮಂಡಳದವರು ವರ್ಷಕ್ಕೊಮ್ಮೆ ಮನೆಮನೆಯ ಬಾಗಿಲಿಗೆ ಬಂದು ರಂಗೋಲಿಗೆ ಅಂಕ ಕೊಡುತ್ತಾರೆ. ತೊಂಬತ್ತನಾಲ್ಕರಲ್ಲಿ ನಾನು ಭೀಷ್ಮಪ್ರತಿಜ್ಞೆ ಮಾಡಿದೆ: ಗೆದ್ದರೆ ಮೊದಲನೆಯದು, ಇಲ್ಲವಾದರೆ ರಂಗೋಲಿ ಪುಡಿಯನ್ನೇ ಮುಟ್ಟೆ.

ಯಜಮಾನರು ದೇವಾನಂದರು ಆಗಷ್ಟೇ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಪ್ರಿಂಟರ್ ಸಮೇತ ಕೊಂಡು ತಂದಿದ್ದರು. (ಚಿಕ್ಕಂದಿನಲ್ಲಿ ಕಾನ್ವೆಂಟಿನ ಕ್ಲಾಸ್ ಮಾನಿಟರ್ ಕಾಟ ಕೊಟ್ಟದ್ದು ಸಾಲದೆಂದು ಮನೆಗೂ ಒಂದು ಮಾನಿಟರ್!)

"ನೀ ಚುಕ್ಕಿ ಇಡು. ಗೆರೆ ಹ್ಯಾಂಗೆ ಎಳೀಬೇಕು ಅಂತ ಅದೇ ವಿಚಾರ ಮಾಡ್ತದೆ," ಎಂದರು.

"ಅದಕ್ಕೆ ತಲೆ ಎಲ್ಲಿ ಅದೆ?"

"ತಲೆ ಇದ್ದ ನಿಂಗೆ ಮೂರು ವರ್ಷ ಎಂತ ಸಿಕ್ತು?"

ಸೆರಗಿನಿಂದ ಕಂಪ್ಯೂಟರಿನ ಧೂಳು ಒರೆಸಿದೆ.

ಸ್ಪರ್ಧೆಯ ದಿನ ನಸುಕಿನಲ್ಲೇ ಬಾಗಿಲು ಸಾರಿಸಿ, ಪುಡಿಯ ಬಟ್ಟಲು ಹಿಡಿದು, ಕಂಪ್ಯೂಟರೆಂಬ ನನ್ನ ಕಲಾಬಂಧುವಿನ ಮುಂದೆ ಕುಳಿತೆ. ಮೊದಲು ಅದು ಏಡಿ ಬರೆಯಿತು. ಬೇಡ ಎಂದೆ. ಕಾಲು ಮುರಿದ ಏಡಿ ಬರೆಯಿತು.

"ಬೇಡ ಅಂತ ಒತ್ತುತ್ತಾ ಇರು, ಕಲೀತದೆ," ಎಂದರು ಯಜಮಾನರು.

ಅದು ಕಲಿಯುವಷ್ಟರಲ್ಲಿ ಒಂಬತ್ತು ಗಂಟೆ. ಹೊರಗೆ ಗೊಳೋ ಎಂಬ ಸದ್ದು! ಓಡಿದೆ. ಪಕ್ಕದ ಮನೆಯ ಗಂಗಕ್ಕ, ತೀರ್ಪುಗಾರ್ತಿ ಕುಸುಮಾಬಾಯಿ, ಹಿಂದೆ ಇಡೀ ಮಂಡಳ, ಸೆರಗು ಬಾಯಿಗೊತ್ತಿ ನಿಂತಿದ್ದರು. ಹೊತ್ತೇರಿದರೂ ರಂಗೋಲಿ ಬೀಳದ ಹೊಸ್ತಿಲೆಂದರೆ ಸೂತಕದ ಮನೆ. ಮೇಲಾಗಿ, ನಾಲ್ಕು ದಿನದಿಂದ ನಮ್ಮ ಅತ್ತೆ ಜ್ವರದಲ್ಲಿ ಮಲಗಿದ್ದು ಕೇರಿಗೆಲ್ಲ ಗೊತ್ತು.

ಗಂಗಕ್ಕ ನನ್ನನ್ನು ತಬ್ಬಿಕೊಂಡರು. "ಅಳಬೇಡ ತಂಗಿ. ಮುದುಕಿ ಹೋಯ್ತು. ಇನ್ನಾದ್ರೂ ಸುಖವಾಗಿರು."

"ಗಂಗಕ್ಕಾ, ಹಾಂಗಲ್ಲ..."

"ನಂಗೆ ಗೊತ್ತಿಲ್ವನೇ? ಸಕ್ಕರೆ ಡಬ್ಬಿಗೂ ಬೀಗ ಹಾಕ್ತದೆ ಅಂತ ನೀರಿನ ನಳದ ಹತ್ರ ನೀ ದಿನಾ ಹೇಳ್ತಿದ್ದೆ ಅಲ್ದಾ? ಹಳೇ ಹಡಗು, ಮುಳುಗೂದೂ ಇಲ್ಲ, ದಡ ಸೇರೂದೂ ಇಲ್ಲ ಅಂದವಳು ನೀನೇ ಅಲ್ದಾ?"

ಸುಮ್ಮನಿರಿ ಎಂದು ಚಿವುಟಿದೆ. ದುಃಖ ಉಮ್ಮಳಿಸಿತೆಂದು ಇನ್ನೂ ಬಿಗಿಯಾಗಿ ಅಪ್ಪಿದರು.

ಅಷ್ಟರಲ್ಲಿ ಒಳಗೆ ಪ್ರಿಂಟರ್ ಕಿರ್ರೆಂದಿತು. "ಆಯ್ತು! ಕಡೆಗೂ ಆಯ್ತು!" ಎಂದು ಯಜಮಾನರು ಚಪ್ಪಾಳೆ ತಟ್ಟಿ ಕುಣಿದರು. ಕುಸುಮಾಬಾಯಿ ಕೆನ್ನೆಗೆ ಕೈಯಿಟ್ಟರು. "ಶಿವ ಶಿವಾ! ಹೆತ್ತ ಮಗನೂ ಹೀಂಗೇ?"

ಆಗ ಒಳಕೋಣೆಯ ಪರದೆ ಸರಿಯಿತು. ಕಂಬಳಿ ಹೊದ್ದು ಅತ್ತೆ ನಿಂತಿದ್ದರು. ಮಂಡಳ ಕಿಟಾರನೆ ಕಿರುಚಿತು.

ಅತ್ತೆ ನಿಧಾನಕ್ಕೆ ಬಂದು ಕುರ್ಚಿಯಲ್ಲಿ ಕುಳಿತರು. ಜ್ವರ ಪೂರ್ತಿ ಇಳಿದಿತ್ತು.

"ಗಂಗೂ, ಕೂತ್ಕೊ. ಸೊಸೆ ಚಾ ಮಾಡ್ತದೆ. ಹಡಗಿನ ಸುದ್ದಿ ನಂಗೆ ಒಳಗೇ ಕೇಳ್ತು. ಮುಂದೆ ಹೇಳು."