ತೊಟ್ಟಿಲಿಗೆ ಕಟ್ಟಿದ ಕಬ್ಬಿಣ

ನನ್ನ ಮಗ ಅಯ್ಯಣ್ಣ ಎಂಟು ತಿಂಗಳಿಗೇ ನನ್ನಂಥ ಕನಸುಗಾರ ಎಂದು ನಾನು ಬೀಗುತ್ತಿದ್ದೆ. ಹಟವಿಲ್ಲ, ರಂಪವಿಲ್ಲ, ಕಣ್ಣು ಅರೆಮುಚ್ಚಿ ಬಿದ್ದಿರುತ್ತಿದ್ದ. ಸುರಪುರದ ಗುಡ್ಡದಿಂದ ಮಧ್ಯಾಹ್ನದ ಗಾಳಿ ಇಳಿದು ಬರುವುದು, ತೊಟ್ಟಿಲ ಹಗ್ಗ ಕಿರ್ರೆನ್ನುವುದು, ತೂಗುತ್ತ ತೂಗುತ್ತ ನಾನೂ ತೂಕಡಿಸುವುದು. ಕೂಸು ಬೆಳ್ಳಗೆ ಬೇರೆ ಆಗುತ್ತಿತ್ತು. (ನಮ್ಮ ವಂಶದಲ್ಲಿ ಕುರಿಗಳೂ ಕರಿಯವೇ.)

"ಬೆಳ್ಳಗಲ್ರೀ, ಬಿಳಚಿಕೊಂಡದ," ಎಂದಳು ನನ್ನ ಹೆಂಡತಿ ಭೀಮವ್ವ. "ತುಟಿ ನೋಡ್ರಿ. ಆಡಂಗಿಲ್ಲ, ನಗಂಗಿಲ್ಲ. ಎತ್ತಿಕೊಂಡ್ರ ಗ್ವಾಡಿ ಮಣ್ಣು ನೆಕ್ಕಾಕತ್ತದ." ನನ್ನ ಕನಸು ಅಲ್ಲಿಗೆ ಹರಿಯಿತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ದವಾಖಾನೆಗೆ ಆ ಕಡೆಯ ಡಾಕ್ಟರಮ್ಮ ಬಂದಿದ್ದರು. ನಾನಾದರೋ ಕಚೇರಿಯ ಮುನ್ಷಿ, ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವ ಭಾಷಾಂತರ ಚಕ್ರವರ್ತಿ. ಮೈಸೂರು ಕನ್ನಡವನ್ನು ಮನೆಯ ಕನ್ನಡಕ್ಕೆ ಇಳಿಸುವುದು ನನಗೆ ಯಾವ ಲೆಕ್ಕ?

ಡಾಕ್ಟರಮ್ಮ ಕೂಸಿನ ಕಣ್ಣರೆಪ್ಪೆ ಕೆಳಗೆಳೆದು ನೋಡಿ, "ಮಗೂಗೆ ಕಬ್ಬಿಣ ಕಮ್ಮಿಯಾಗಿದೆ," ಎಂದರು.

ದೆವ್ವಗಾಳಿ ಸೋಕದಿರಲೆಂದು ಕೂಸಿನ ತಲೆದೆಸೆಗೆ ಕಬ್ಬಿಣ ಇಡುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮವ್ವ ಇಟ್ಟಿದ್ದ ಕುಡಗೋಲನ್ನು ಜೋಳದ ಕೊಯ್ಲಿಗೆಂದು ತೆಗೆದು, ಆ ಜಾಗದಲ್ಲಿ ಒಂದು ಸಣ್ಣ ಬೀಗದ ಕೈ ಇಟ್ಟವನು ನಾನೇ. ಡಾಕ್ಟರಮ್ಮ ಮುಂದೆ ಏನೇನೋ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ನನ್ನ ಪಾಪದ ಗುಂಗು ಮಾತ್ರ.

ಹೊರಗೆ ಬಂದಾಗ ಭೀಮವ್ವ, "ದವಾಖಾನಿ ಆಯಾ ಜೈತುನಬೀ ನನಗ ಬಿಡಿಸಿ ಹೇಳ್ಯಾಳ್ರಿ, ಏನಂದ್ರ..." ಎಂದಳು.

"ನನಗ ಗೊತ್ತದ," ಎಂದೆ.

"ಹಂಗಲ್ರೀ..."

"ಗೊತ್ತದಂದ್ನೆಲ್ಲ."

ಅಂದಿನಿಂದ ನನ್ನ ಲೋಹಯಜ್ಞ ಶುರುವಾಯಿತು. ಕುಡಗೋಲು ಎರಡು, ನೇಗಿಲ ಕುಳ ಒಂದು, ಕುರಿ ಉಣ್ಣೆಯ ಕತ್ತರಿ, ರಂಗಂಪೇಟೆಯ ಟಾಂಗಾದವನನ್ನು ಕಾಡಿ ಬೇಡಿ ತಂದ ಕುದುರೆ ಲಾಳ. ಎಲ್ಲವನ್ನೂ ಅರಿವೆಯಲ್ಲಿ ಸುತ್ತಿ ತೊಟ್ಟಿಲಿಗೆ ಕಟ್ಟಿದೆ. ಜಂತಿ ನರಳಿತು.

"ತೊಟ್ಟಿಲು ಹರಕೊಂಡು ಬಿದ್ದೀತು, ಕೆಳಗ ಇಡ್ರಿ," ಎಂದಳು ಭೀಮವ್ವ. (ಅವಳು ಒಂದೇ ಮಾತಿಗೆ ನಿಲ್ಲಿಸಿದಾಗ ಹುಷಾರಾಗಿರಬೇಕಿತ್ತು.)

ಕೆಳಗೆ ಇಟ್ಟೆ. ದಿನಾ ಕಚೇರಿಯಿಂದ ಬಂದವನೇ ಹಾರೆಯೋ ಮತ್ತೊಂದೋ ಒಂದಿಷ್ಟು ಕಬ್ಬಿಣ ಸೇರಿಸುತ್ತಿದ್ದೆ. ವಾರ ಉರುಳಿದಂತೆ ಕೂಸಿನ ತುಟಿಗೆ ಬಣ್ಣ ಬಂತು. ಒಂದು ಸಂಜೆ ಹೊಸ್ತಿಲು ದಾಟುತ್ತಿದ್ದ ಹಾಗೆ ಅಯ್ಯಣ್ಣ ನನ್ನನ್ನು ನೋಡಿ ಕಿಲಕಿಲ ನಕ್ಕ. ಅಲ್ಲೇ ಕೂತು ಅತ್ತುಬಿಟ್ಟೆ. ಊರೂರಿನ ತಾಯಂದಿರು ಕೂಸು ಕಂಕುಳಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬರುವುದು, ಕಮ್ಮಾರರೆಲ್ಲ ಕೈ ಮುಗಿಯುವುದು ಕಣ್ಣ ಮುಂದೆ ತೇಲಿತು.

ಎರಡು ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ರೆಪ್ಪೆ ಎಳೆದು ನೋಡಿದರು. "ತುಂಬಾ ಸುಧಾರಿಸಿದೆ. ಏನೇನು ಕೊಟ್ಟಿರಿ?"

ನಾನು ಎದೆಯುಬ್ಬಿಸಿದೆ. "ಕುಡಗೋಲು ಎರಡು, ಕುಳ ಒಂದು, ಲಾಳ ಒಂದು, ಹಾರೆ ಒಂದು."

ಡಾಕ್ಟರಮ್ಮನ ಮುಖ ಕೂಸಿಗಿಂತ ಹೆಚ್ಚು ಬಿಳಚಿಕೊಂಡಿತು. "ಮಗು ಬಾಯಿಗಾ?"

"ತೊಟ್ಟಿಲ ಕೆಳಗ್ರಿ," ಎಂದಳು ಭೀಮವ್ವ ಶಾಂತವಾಗಿ. "ಬಾಯಿಗಿ ನಾ ಕೊಟ್ಟೀನ್ರಿ. ನೀವು ಕೊಟ್ಟ ಹನಿ ಔಷಧಿ ತಪ್ಪಿಸಿಲ್ಲ. ಎದಿಹಾಲು ಬಿಡಿಸಿಲ್ಲ. ಅದರ ಜೋಡಿ ಹುರಳಿ ಬೇಯಿಸಿ ಅರದು, ಸೊಪ್ಪು ಹಿಚುಕಿ, ಕುರಿ ಕಲೇಜಿ ನುಣ್ಣಗ ಮಾಡಿ ತಿನಿಸೀನ್ರಿ. ಇವ್ರು ಕಚೇರಿಗಿ ಹೋದ ಮ್ಯಾಲ."

"ನನಗ್ಯಾಕ ಹೇಳಲಿಲ್ಲ?" ಎಂದೆ.

"ನಿಮಗ ಗೊತ್ತದಂದ್ರಿ. ಮ್ಯಾಲ ಅಷ್ಟು ಖುಷೀಲೆ ಕಬ್ಬಿಣ ಹೊರಾಕತ್ತಿದ್ರಿ, ಯಾಕ ಕೆಡಸಬೇಕಂತ ಬಿಟ್ಟೆ."

ಜೈತುನಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮ ನಗು ನುಂಗಿ, "ನೋಡಮ್ಮ, ಮುಂದಿನ ಸಲ ನೀವೊಬ್ಬರೇ ಬಂದರೆ ಸಾಕು," ಎಂದರು.

"ಇಲ್ರೀ, ಇವ್ರನ್ನ ಕರಕೊಂಡೇ ಬರ್ತೀನಿ," ಎಂದಳು ಭೀಮವ್ವ. "ಕೂಸಿನ ಜೋಡಿ ಮನ್ಯಾಗ ಬಿಟ್ಟರೂ ಧೈರ್ಯಿಲ್ಲ, ಒಬ್ಬರನ್ನೇ ಬಿಟ್ಟರೂ ಧೈರ್ಯಿಲ್ಲ."