ಚಿತ್ತಾಪುರದಲ್ಲಿ ಫ್ರಾನ್ಸಿನ ಕಾನೂನು

ನನ್ನ ಪಾಂಡಿತ್ಯದ ದಂಡ ತೆತ್ತವಳು ರಾವೂರಿನ ಮಲ್ಲಮ್ಮ, ನಾನಲ್ಲ.

ಅವಳ ಕೇರಿಯಿಂದ ಬಾವಿಗೆ ಹೋಗುವ ದಾರಿಯನ್ನು ಕಲ್ಲುಗಣಿಯ ಗುತ್ತೇದಾರ ಫರಸಿಕಲ್ಲಿನ ಚಪ್ಪಡಿ ಒಟ್ಟಿ ಮುಚ್ಚಿದ್ದ; ನೀರಿಗೆ ಗುಡ್ಡ ಸುತ್ತಿ ಹೋಗಬೇಕಾಗಿತ್ತು. ಅದು ಮೊದಲ ಅನ್ಯಾಯ. ಹೈದರಾಬಾದ್ ಸಂಸ್ಥಾನದ ಕೋರ್ಟು ಕಚೇರಿಯ ಉರ್ದು ಅವಳಿಗೆ ತಿಳಿಯದಿದ್ದುದು ಎರಡನೆಯದು. ಅವಳ ವಕೀಲ ನಾನಾಗಿದ್ದುದು ಮೂರನೆಯದು!

ಆಗಿನ ಚಿತ್ತಾಪುರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಕಚೇರಿಯ ಮುಂದಿನ ಬೇವಿನ ನೆರಳು, ತಣ್ಣನೆಯ ಫರಸಿಯ ಮೇಲೆ ಬುತ್ತಿ ಬಿಚ್ಚಿದ ಕಕ್ಷಿದಾರರು, ದೂರದಲ್ಲಿ ರೈಲಿನ ಕೂಗು. ಮುಂಬಯಿಯಲ್ಲಿ ಇಂಗ್ಲಿಷ್ ಕಾನೂನು ಕಲಿತು ಬಂದಿದ್ದ ನನಗೆ ಚಿಂತೆಯೇ ಇರಲಿಲ್ಲ. ಭಂಕೂರದ ಇಂಥದೇ ದಾರಿಯನ್ನು ಬಿಡಿಸಿದ್ದ ಹಿಂದಿನ ಮುನಸೀಫರ ತೀರ್ಪು ನನ್ನ ಕೈಯಲ್ಲಿತ್ತು. ಇಂಗ್ಲಿಷ್ ಪದ್ಧತಿಯಲ್ಲಿ ಹಳೆಯ ತೀರ್ಪೆಂದರೆ ಮನೆಯ ಹಿರಿಯರ ಮಾತು. ಗೆಲುವು ನನ್ನದೇ!

ವಿಚಾರಣೆಯ ದಿನ ಬೆಳಿಗ್ಗೆ ವಕೀಲ ಮಿತ್ರರು ಫ್ರಾನ್ಸಿನ ಕಾನೂನಿನ ಬಗ್ಗೆ ನನ್ನ ಉಪನ್ಯಾಸ ಏರ್ಪಡಿಸಿದ್ದರು. ಮುಂಬಯಿಯಿಂದ ಬರುವಾಗ ರೈಲಿನಲ್ಲಿ ಆ ಕುರಿತ ಪುಸ್ತಕವೊಂದನ್ನು ಓದಿದ್ದೆ. ಇಳಿಯಬೇಕಾದ ವಾಡಿ ನಿಲ್ದಾಣ ಬಂದದ್ದರಿಂದ ಕೊನೆಯ ಅಧ್ಯಾಯ ಉಳಿದಿತ್ತು. ಅಷ್ಟು ಸಾಕೆಂದುಕೊಂಡೆ. ಅಲ್ಲಿನ ನ್ಯಾಯಾಧೀಶ ಹಳೆಯ ತೀರ್ಪುಗಳಿಗೆ ತಲೆಬಾಗುವುದಿಲ್ಲ, ಬರೆದಿಟ್ಟ ಕಾಯದೆಯನ್ನಷ್ಟೇ ನೋಡುತ್ತಾನೆ, ಸ್ವತಂತ್ರ ಬುದ್ಧಿಯೆಂದರೆ ಅದೇ ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮುಂದಿನ ಸಾಲಿನಲ್ಲಿದ್ದ ಹೊಸ ಮುನಸೀಫರು.

ಮಧ್ಯಾಹ್ನ ನಾನು ಭಂಕೂರದ ತೀರ್ಪನ್ನು ಅವರ ಮುಂದಿಟ್ಟೆ.

ಮುನಸೀಫರು ಮುಗುಳ್ನಕ್ಕರು. ಬೆಳಿಗ್ಗೆ ವಕೀಲಸಾಹೇಬರು ಕಲಿಸಿದ ಪಾಠವನ್ನು ಊಟವಾಗುವಷ್ಟರಲ್ಲಿ ಮರೆಯುವ ದಡ್ಡ ಶಿಷ್ಯ ತಾವಲ್ಲ ಎಂದರು. ದಾರಿಯ ಹಕ್ಕಿಗೆ ಬರಹದ ಆಧಾರ ಕೇಳಿದರು. ಅಜ್ಜಿ ಮುತ್ತಜ್ಜಿಯರು ಕೊಡ ಹೊತ್ತು ನಡೆದ ದಾರಿಗೆ ಬರಹವೆಲ್ಲಿಯದು! ದಾವೆ ವಜಾ ಆಯಿತು.

ಬೇವಿನ ಕೆಳಗೆ ಮಲ್ಲಮ್ಮನಿಗೆ ತೀರ್ಪನ್ನು, ಅದರ ಕಾರಣವನ್ನು ಕನ್ನಡದಲ್ಲಿ ಹೇಳಿದೆ. ಅವಳು ಕೇಳಿದಳು:

"ಆ ದೇಶದಾಗ ಬಾವಿ ಅದಾವೇನ್ರಿ, ವಕೀಲಸಾಹೇಬ್ರ?"

"ಅದಾವ, ಯವ್ವಾ."

"ನೀರು ಹೆಂಗಸರೇ ತರ್ತಾರೇನ್ರಿ?"

ಗೊತ್ತಿಲ್ಲ ಎಂದೆ.

"ಹಂಗಾರ ನೀವು ಭಾಳ ಓದಿಲ್ಲ ಬಿಡ್ರಿ. ಐತಾರ ಬರ್ರಿ, ಕೊಡ ಕೊಡ್ತೀನಿ."

ಆ ರಾತ್ರಿ ಕೊನೆಯ ಅಧ್ಯಾಯ ಓದಿದೆ. ಫ್ರಾನ್ಸಿನ ನ್ಯಾಯಾಧೀಶರೂ ನೆಲೆಗೊಂಡ ತೀರ್ಪುಗಳನ್ನು ಸುಲಭವಾಗಿ ಕೈಬಿಡುವುದಿಲ್ಲವಂತೆ!

ವರ್ಷಗಳು ಕಳೆದವು. ಅಪೀಲು ಹೈದರಾಬಾದಿನಲ್ಲಿ ಮಲಗಿದೆ, ಕಲ್ಲು ರಾವೂರಿನಲ್ಲಿದೆ. ಗುತ್ತೇದಾರರೇ, ಆ ಫರಸಿಗಳನ್ನು ಬರುವ ಐತಾರದೊಳಗೆ ತೆಗೆಸಿರಿ. ಮಲ್ಲಮ್ಮನ ದಾರಿ ಅವಳಿಗೆ ಮರಳಲಿ. ಪ್ರತಿ ಭಾನುವಾರ ಅವಳ ನೀರು ಹೊತ್ತು ಗುಡ್ಡ ಸುತ್ತಿ ಬರುವಾಗ ನಾನು ಅರ್ಧ ಕೊಡ ಚೆಲ್ಲುತ್ತೇನೆಂದು ಅವಳು ನನ್ನನ್ನೂ ವಜಾ ಮಾಡುವುದರಲ್ಲಿದ್ದಾಳೆ.